ಪೇಟೆಯಲ್ಲೊಂದು ನಿವೇಶನ: ಮುಂಗಡ ಕೊಡುವ ಮೊದಲು



2024 ಮತ್ತು 2025ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಧಾರಣೆ ಬಂದದ್ದು ತಮಗೆಲ್ಲ ತಿಳಿದೇ ಇದೆ. ಕೈಯಲ್ಲಿ ನಾಲ್ಕು ಕಾಸು ನಿಂತಿತೆಂದರೆ ಬಡಾವಣೆಯ ದಲ್ಲಾಳಿಗಳು ತೋಟದ ದಾರಿ ಹುಡುಕಿಕೊಂಡು ಬರುತ್ತಾರೆ. ಇತ್ತ ಅಡಿಕೆಗೆ ಎಲೆಚುಕ್ಕಿ ರೋಗ, ಮೇಲೆ ಆಳಿನ ಅಭಾವ. "ತೋಟವೊಂದನ್ನೇ ನಂಬಿ ಕೂತರಾಗದು, ಪೇಟೆಯಲ್ಲೊಂದು ಸೈಟು ಇರಲಿ" ಎಂಬ ಮಾತು ಸಂಘದ ಜಗಲಿಯಲ್ಲಿ ಆಗಾಗ ಕೇಳುತ್ತದೆ. ಆ ಯೋಚನೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ತೋಟ ಕೊಳ್ಳುವಾಗ ಮಾಡುವಷ್ಟೇ ವಿಚಾರಣೆಯನ್ನು ನಿವೇಶನ ಕೊಳ್ಳುವಾಗಲೂ ಮಾಡಬೇಕು.

ನಮ್ಮ ಮನೆಯದೇ ಅನುಭವ ಹೇಳುತ್ತೇನೆ. 1994ರಲ್ಲಿ ಬ್ರೆಜಿಲ್ ದೇಶದ ಕಾಫಿ ತೋಟಗಳು ಹಿಮಕ್ಕೆ ಸಿಕ್ಕಿ ಇಲ್ಲಿ ಬೆಲೆ ಏರಿತು. ಮರುವರ್ಷ ನಮ್ಮ ತಂದೆಯವರು ಪೇಟೆಯ ಅಂಚಿನಲ್ಲಿ 30 ಅಡಿ 40 ಅಡಿಯ ನಿವೇಶನ ಕೊಂಡರು. ಕ್ರಯಪತ್ರ ನೋಂದಣಿಯಾಯಿತು, ಎಲ್ಲ ಸರಿಯಾಯಿತೆಂದುಕೊಂಡೆವು. ಅದು ಭೂ ಪರಿವರ್ತನೆಯಾಗದ ಕೃಷಿ ಜಮೀನೆಂದು ಗೊತ್ತಾದದ್ದು ಖಾತೆ ಮಾಡಿಸಲು ಹೋದಾಗ. 2002ರಲ್ಲಿ ಕಾಫಿ ಬೆಲೆ ಕುಸಿದು ಸಾಲ ತೀರಿಸಲೆಂದು ಮಾರಹೊರಟರೆ ಕೇಳುವವರೇ ಇಲ್ಲ. ಕೊನೆಗೆ ಕೊಟ್ಟ ಬೆಲೆಯ ಅರ್ಧಕ್ಕೆ ಬಿಟ್ಟೆವು. ಆ ಎರಡು ವರ್ಷ ಗೊಬ್ಬರ ಕಾಣದೆ ಸೊರಗಿದ ತೋಟ ಚೇತರಿಸಿಕೊಳ್ಳಲು ನಾಲ್ಕು ವರ್ಷ ಹಿಡಿಯಿತು.

ಮೊದಲು ಹಣದ ಲೆಕ್ಕ

ಗೊಬ್ಬರ, ಸಿಂಪರಣೆ, ಕೊಯ್ಲಿನ ಕೂಲಿ ಸೇರಿ ಮುಂದಿನ ಒಂದು ವರ್ಷದ ತೋಟದ ಖರ್ಚನ್ನೂ ಬೆಳೆಸಾಲದ ಕಂತನ್ನೂ ಬದಿಗಿಡಿ. ಉಳಿದದ್ದಷ್ಟೇ ಹೂಡುವ ಹಣ. ತೋಟ ಅಡವಿಟ್ಟು ಸೈಟು ಕೊಳ್ಳಬಾರದು.

20 ಲಕ್ಷ ರೂಪಾಯಿಯ ನಿವೇಶನವೆಂದು ಹಿಡಿಯೋಣ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್; 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2. ಒಟ್ಟು ಸುಮಾರು ಒಂದೂವರೆ ಲಕ್ಷ. ಈ ಇಪ್ಪತ್ತೊಂದೂವರೆ ಲಕ್ಷವನ್ನು ಶೇ. 7ರ ಠೇವಣಿಯಲ್ಲಿಟ್ಟರೆ 5 ವರ್ಷಕ್ಕೆ 30 ಲಕ್ಷ ದಾಟುತ್ತದೆ. ಖಾಲಿ ನಿವೇಶನ ಬಾಡಿಗೆ ತರುವುದಿಲ್ಲ. ಆದ್ದರಿಂದ 5 ವರ್ಷದ ನಂತರ 30 ಲಕ್ಷಕ್ಕೂ ಮೇಲೆ ಮಾರಿದರೆ ಮಾತ್ರ ಠೇವಣಿಗಿಂತ ಲಾಭ. ಮನೆ ಕೊಂಡು ಬಾಡಿಗೆಗೆ ಕೊಟ್ಟರೂ ವರ್ಷದ ಬಾಡಿಗೆ ಸಾಮಾನ್ಯವಾಗಿ ಬೆಲೆಯ ಶೇ. 2ರಿಂದ 4, ಕಂದಾಯ, ರಿಪೇರಿ ಅದರಲ್ಲೇ ಕಳೆಯಬೇಕು.

ಆಮೇಲೆ ಕಾಗದಪತ್ರ

1. ಭೂ ಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ ಮತ್ತು ಇ-ಖಾತೆ, ಈ ಮೂರನ್ನೂ ಕೇಳಿ. 500 ಚದರ ಮೀಟರಿಗೆ ಮೇಲ್ಪಟ್ಟ ಹೊಸ ಬಡಾವಣೆ 2016ರ ರೇರಾ ಕಾಯಿದೆಯಂತೆ ನೋಂದಣಿಯಾಗಿರಬೇಕು. ಅಂಥಲ್ಲಿ ಕರಾರು ಪತ್ರ ನೋಂದಾಯಿಸದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.

2. ಕನಿಷ್ಠ 30 ವರ್ಷದ ಋಣಭಾರ ಪತ್ರ (ಇ.ಸಿ.) ತೆಗೆಸಿ, ಮೂಲ ಪತ್ರಗಳೊಡನೆ ತಾಳೆ ನೋಡಿ. ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಕಾಣುತ್ತದೆ. ಕೋರ್ಟಿನ ವ್ಯಾಜ್ಯ, ಬಾಯಿಮಾತಿನ ಪಾಲು ಕಾಣದಿರಬಹುದು. ಅಕ್ಕಪಕ್ಕದವರನ್ನು ವಿಚಾರಿಸಿ.

3. ಪಿತ್ರಾರ್ಜಿತ ಆಸ್ತಿಯಾದರೆ ಮನೆಯ ಹೆಣ್ಣುಮಕ್ಕಳ ಸಹಿಯೂ ಬೇಕು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಅವರಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ.

4. ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರಕಾರ ಮಂಜೂರು ಮಾಡಿದ್ದೋ ನೋಡಿ. 1978ರ ಕಾಯಿದೆಯಂತೆ ಸರಕಾರದ ಅನುಮತಿಯಿಲ್ಲದ ಅದರ ಮಾರಾಟ ಅಸಿಂಧು. ಜಮೀನು ಮೂಲ ಮಂಜೂರುದಾರರಿಗೆ ಹಿಂದಿರುಗುತ್ತದೆ, ಅದು ನ್ಯಾಯವೂ ಹೌದು.

5. "ಜಿ.ಪಿ.ಎ. ಮಾಡಿಕೊಡುತ್ತೇವೆ, ಸಾಕು" ಎಂದರೆ ಒಪ್ಪಬೇಡಿ. ಬರಿಯ ಜಿ.ಪಿ.ಎ.ಯಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ.

6. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ನಗದಿನ ವಿಷಯ ಕೆಟ್ಟರೆ ಕೈಯಲ್ಲಿ ರುಜುವಾತೂ ಉಳಿಯದು.

ಜಾಗವನ್ನು ಮಳೆಗಾಲದಲ್ಲೊಮ್ಮೆ ಕಣ್ಣಾರೆ ನೋಡಿ, ಚೆಕ್ಕುಬಂದಿಯಂತೆ ಅಳತೆ ಮಾಡಿಸಿ. ಪತ್ರ ನೋಡುವ ವಕೀಲರು ನಿಮ್ಮವರಾಗಿರಲಿ, ಮಾರುವವರು ತೋರಿಸಿದವರು ಬೇಡ. "ನಾಳೆಯೇ ಬೇರೆಯವರು ಬರುತ್ತಾರೆ" ಎಂದು ಅವಸರ ಮಾಡಿದರೆ ಅವರಿಗೇ ಹೋಗಲಿ ಎನ್ನಿ.

ಸಂದೇಹವಿದ್ದ ಸದಸ್ಯರು ಕಾಗದಗಳ ನಕಲು ಹಿಡಿದು ಸಂಘದ ಕಛೇರಿಗೆ ಬನ್ನಿ, ಒಟ್ಟಿಗೆ ಕೂತು ಓದೋಣ. ಮುಂಗಡ ಕೊಟ್ಟ ಮೇಲಲ್ಲ, ಕೊಡುವ ಮೊದಲು.

– ಕಾರ್ಯದರ್ಶಿ