ಸಂತೆಯಲ್ಲಿ ಊರನ್ನು ಓದಿ



ಪ್ರವಾಸಕ್ಕೆ ಹೊರಡುವಾಗ ನಿಮ್ಮ ಪಟ್ಟಿಯಲ್ಲಿ ಏನೇನಿರುತ್ತದೆ? ದೇವಾಲಯ, ಕೋಟೆ, ಜಲಪಾತ, ಅಣೆಕಟ್ಟು. ಅದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಿ: ಆ ಊರಿನ ವಾರದ ಸಂತೆ. ಅಲ್ಲಿಗೆ ಪ್ರವೇಶ ಶುಲ್ಕವಿಲ್ಲ. ಆದರೆ ಒಂದು ಪ್ರದೇಶದ ಮಣ್ಣು, ಮಳೆ, ಊಟ, ದುಡಿಮೆ ಎಲ್ಲವೂ ಒಂದೇ ಬಯಲಿನಲ್ಲಿ ಕಾಣಸಿಗುತ್ತವೆ.

ಕೊಡಗನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ಸೋಮವಾರಪೇಟೆಯಲ್ಲಿ ಸೋಮವಾರ, ಕುಶಾಲನಗರದಲ್ಲಿ ಮಂಗಳವಾರ, ವಿರಾಜಪೇಟೆಯಲ್ಲಿ ಬುಧವಾರ, ಮಡಿಕೇರಿಯಲ್ಲಿ ಶುಕ್ರವಾರ, ಶನಿವಾರಸಂತೆಯಲ್ಲಿ ಶನಿವಾರ, ಗೋಣಿಕೊಪ್ಪದಲ್ಲಿ ಭಾನುವಾರ ಸಂತೆ ಸೇರುತ್ತದೆ. ಎರಡು ಊರುಗಳ ಹೆಸರಿನಲ್ಲೇ ವಾರ ಬೆರೆತುಹೋಗಿದೆ! ಒಂದೊಂದು ಊರಿಗೆ ಒಂದೊಂದು ದಿನವೇಕೆ? ಬಟ್ಟೆ, ಬಳೆ, ಪಾತ್ರೆ, ಒಣಮೀನು ಮಾರುವವರು ಒಂದು ಸಂತೆಯಿಂದ ಇನ್ನೊಂದಕ್ಕೆ ಸಾಗುತ್ತಾರೆ. ಎಲ್ಲ ಸಂತೆಗಳೂ ಒಂದೇ ದಿನ ನಡೆದರೆ ಅವರಿಗೆ ವಾರಕ್ಕೊಂದೇ ವ್ಯಾಪಾರ. ದಿನಗಳು ಹಂಚಿಕೆಯಾದ್ದರಿಂದ ಮಾರುವವರಿಗೆ ವಾರವಿಡೀ ಕೆಲಸ. ಕೊಳ್ಳುವವರಿಗೆ ಹತ್ತಿರದಲ್ಲೇ ಸರಕು.

ಈಗ ಸರಕನ್ನು ಗಮನಿಸಿ. ದೇಶದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ಕೊಡಗು. ಆದರೆ ಸಂತೆಯ ನೆಲದ ಮೇಲೆ ಕಾಫಿ ಬೀಜದ ರಾಶಿಯನ್ನು ಹುಡುಕಬೇಡಿ. ಅದು ವರ್ತಕರ ಮೂಲಕ ಸಂಸ್ಕರಣಾ ಘಟಕಗಳಿಗೆ ಹೋಗಿ, ದೂರದ ದೇಶಗಳನ್ನೂ ತಲುಪುತ್ತದೆ. ಸಂತೆಯಲ್ಲಿ ರಾಶಿಬಿದ್ದ ಟೊಮೇಟೊ, ಎಲೆಕೋಸು, ಈರುಳ್ಳಿಗಳಲ್ಲಿ ಬಹುಪಾಲು ಬಯಲುಸೀಮೆಯಿಂದ ಬಂದದ್ದು. ಇಳಿಜಾರು ನೆಲ, ಧಾರಾಕಾರ ಮಳೆ, ತೋಟದ ನೆರಳು: ಇಂಥ ಕಡೆ ತರಕಾರಿಯನ್ನು ಹೇರಳವಾಗಿ ಬೆಳೆಯುವುದು ಸುಲಭವಲ್ಲ. ಒಂದು ಊರು ಏನು ಬೆಳೆಯುತ್ತದೆ ಎಂಬುದರ ಜೊತೆಗೆ, ಏನನ್ನು ಬೆಳೆಯುವುದಿಲ್ಲ ಎಂಬುದನ್ನೂ ಸಂತೆ ಹೇಳುತ್ತದೆ.

ಸ್ಥಳೀಯ ಬೆಳೆಗಾರರನ್ನು ಕಾಣಬೇಕಾದರೆ ಸಂತೆಯ ಅಂಚಿಗೆ ಬನ್ನಿ. ಗೋಣಿತಾಟಿನ ಮೇಲೆ ನಾಲ್ಕು ಕಟ್ಟು ಸೊಪ್ಪು, ಒಂದು ಬಾಳೆಗೊನೆ, ಹಿಡಿಯಷ್ಟು ಗಾಂಧಾರಿ ಮೆಣಸು ಇಟ್ಟುಕೊಂಡು ಕುಳಿತವರೇ ಸಾಮಾನ್ಯವಾಗಿ ತಾವು ಬೆಳೆದುದನ್ನು ತಾವೇ ಮಾರುವವರು. ಮಳೆಗಾಲವಾದರೆ ಅಲ್ಲಿ ಕಣಿಲೆ, ಅಂದರೆ ಎಳೆ ಬಿದಿರು ಸಿಗುತ್ತದೆ. ಅದನ್ನು ಹೇಗೆ ಅಡುಗೆ ಮಾಡುವುದೆಂದು ಕೇಳಿ. ಹೆಚ್ಚಿ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ, ಚೆನ್ನಾಗಿ ಬೇಯಿಸಬೇಕು ಎನ್ನುತ್ತಾರೆ. ಹಸಿ ಕಣಿಲೆಯಲ್ಲಿ ಸಯನೈಡ್ ಉಂಟುಮಾಡುವ ಅಂಶವಿರುತ್ತದೆ. ರಸಾಯನಶಾಸ್ತ್ರದ ಈ ಪಾಠವನ್ನು ಅಲ್ಲಿನ ಅಡುಗೆಮನೆಗಳು ಪುಸ್ತಕವಿಲ್ಲದೆಯೇ ಕಲಿತಿವೆ.

ಇನ್ನು ಬೆಲೆಯ ವಿಚಾರ. "ಸಂತೆ ಹೊತ್ತಿಗೆ ಮೂರು ಮೊಳ" ಎಂಬ ಗಾದೆ ನಿಮಗೆ ಗೊತ್ತು. ಸಂತೆಯ ದಿನ ತಪ್ಪಿದರೆ ಕೈಗೆ ಕಾಸಿಲ್ಲ, ಆದ್ದರಿಂದ ನೇಕಾರನಿಗೆ ಆ ಅವಸರ. ಸೊಪ್ಪು ಬೆಳೆದವರ ಅವಸರ ಇನ್ನೂ ಹೆಚ್ಚು. ಬಟ್ಟೆ ಮುಂದಿನ ವಾರಕ್ಕೆ ಉಳಿದೀತು, ಸೊಪ್ಪು ಉಳಿಯದು. ಬೆಳಿಗ್ಗೆ ಇದ್ದ ಬೆಲೆ ಸಂಜೆಗೆ ಇಳಿಯುವುದು ಇದರಿಂದಲೇ. ಮಾರದೆ ಉಳಿದದ್ದನ್ನು ಹೊತ್ತುಕೊಂಡು ಹೋದರೆ ಬಸ್ಸಿನ ಖರ್ಚೂ ಹುಟ್ಟುವುದಿಲ್ಲ. ಜಾಗಕ್ಕೆ ಕೊಟ್ಟ ಸಂತೆ ಸುಂಕವೂ ಹಿಂದಿರುಗದು.

ಹೊತ್ತು ಮುಳುಗುವಾಗ ನೀವು ಚೌಕಾಸಿ ಮಾಡಿ ಐದು ರೂಪಾಯಿ ಉಳಿಸಿದರೆ ಅದನ್ನು ನಿಮ್ಮ ಜಾಣತನವೆಂದು ತಿಳಿಯಬೇಡಿ. ಅದು ಎದುರಿಗಿರುವವರ ಅಸಹಾಯಕತೆಯ ಬೆಲೆಯಾಗಿರಬಹುದು. ಹಾಗೆಂದು ಕೇಳಿದಷ್ಟು ಕೊಡಬೇಕೆಂದಲ್ಲ. ನಾಲ್ಕು ಕಡೆ ವಿಚಾರಿಸಿ. ತೂಕದ ಮೇಲೂ ಕಣ್ಣಿರಲಿ. ವ್ಯಾಪಾರಕ್ಕೆ ಬಳಸುವ ತಕ್ಕಡಿ, ಬಟ್ಟುಗಳಿಗೆ 2009ರ ಕಾನೂನು ಮಾಪನ ಶಾಸ್ತ್ರ ಅಧಿನಿಯಮದಂತೆ ಇಲಾಖೆಯ ಪರಿಶೀಲನೆ ಮತ್ತು ಮುದ್ರೆ ಕಡ್ಡಾಯ. ನ್ಯಾಯವಾದ ತೂಕ ಕೇಳುವುದು ನಿಮ್ಮ ಹಕ್ಕು. ನ್ಯಾಯವಾದ ಬೆಲೆ ಕೊಡುವುದು ನಿಮ್ಮ ಹೊಣೆ.

ಸಂತೆಗೆ ಹೋಗುವಾಗ ಬಟ್ಟೆಯ ಚೀಲ, ಚಿಲ್ಲರೆ ಹಣ, ಒಂದು ಪುಟ್ಟ ಟಿಪ್ಪಣಿ ಪುಸ್ತಕ ಜೊತೆಗಿರಲಿ. ವ್ಯಾಪಾರದ ಭರಾಟೆಯಲ್ಲಿ ಪ್ರಶ್ನೆಗಳ ಮಳೆ ಸುರಿಸಬೇಡಿ. ಏನಾದರೂ ಕೊಂಡು, ಬಿಡುವು ನೋಡಿ ಮಾತನಾಡಿಸಿ. "ಅಮ್ಮಾ, ಇದು ನಿಮ್ಮ ಹೊಲದ್ದೇ? ಎಷ್ಟು ದಿನದ ಬೆಳೆ?" ಎಂದು ಕೇಳಿ. ಚಿತ್ರ ತೆಗೆಯುವ ಮುನ್ನ ಒಪ್ಪಿಗೆ ಪಡೆಯಿರಿ.

ಇದಕ್ಕೆಲ್ಲ ಕೊಡಗಿಗೇ ಹೋಗಬೇಕೆಂದಿಲ್ಲ. ಮುಂದಿನ ವಾರ ನಿಮ್ಮ ಹತ್ತಿರದ ಸಂತೆಗೆ ಎರಡು ಸಲ ಹೋಗಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಒಂದೇ ಕಟ್ಟು ಸೊಪ್ಪಿನ ಎರಡು ಬೆಲೆಗಳನ್ನು ಬರೆದುಕೊಳ್ಳಿ. ನಡುವಿನ ಆ ವ್ಯತ್ಯಾಸದಲ್ಲಿ ಒಂದು ಮನೆಯ ವಾರದ ಲೆಕ್ಕ ಅಡಗಿದೆ.