ಬರೀ ಮಾಂಸ ತಿನ್ನುವವರ ಉಪ್ಪು, ನೀರು, ಹೊಟ್ಟೆ

ಕೆನಡಾದ ಕ್ಯಾಲ್ಗರಿಯಲ್ಲಿ ಡಯಟೀಶಿಯನ್ ಆಗಿರುವ ನನಗೆ ಮಾಂಸಾಹಾರಿಗಳು ಹೊಸಬರಲ್ಲ. ಸುತ್ತಲಿನ ಆಲ್ಬರ್ಟಾ ಪ್ರಾಂತ್ಯ ದನ ಸಾಕಣೆಗೇ ಹೆಸರಾದದ್ದು. ನಾನು ಹುಟ್ಟಿದ ಮಂಡ್ಯದ ಮನೆಯಲ್ಲೂ ಭಾನುವಾರ ಬಂತೆಂದರೆ ಮಟನ್ ಸಾರು. ಆದರೆ ಈಚಿನ ವರ್ಷಗಳಲ್ಲಿ ಬೇರೆ ಬಗೆಯವರು ಬರತೊಡಗಿದ್ದಾರೆ. ಅವರ ತಟ್ಟೆಯಲ್ಲಿ ಮಾಂಸ, ಮೀನು, ಮೊಟ್ಟೆ, ಬೆಣ್ಣೆ ಬಿಟ್ಟರೆ ಏನೂ ಇರುವುದಿಲ್ಲ. ಬ್ರೆಡ್ಡು, ಅನ್ನ, ಕಾಳು, ತರಕಾರಿ, ಹಣ್ಣು ಎಲ್ಲಕ್ಕೂ ವಿದಾಯ. ಇದಕ್ಕೆ ಕಾರ್ನಿವೋರ್ ಡಯಟ್ ಎಂದು ಹೆಸರು.

ಈ ಊಟವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಆದರೂ ಶುರು ಮಾಡಿಬಿಟ್ಟವರು ಎದುರಿಗೆ ಬಂದು ಕೂತಾಗ ಬೈದು ಕಳಿಸುವುದು ನನ್ನ ಕೆಲಸವಲ್ಲ. ಅವರು ಹೇಳುವ ತೊಂದರೆಗಳು ಹೆಚ್ಚುಕಡಿಮೆ ಒಂದೇ: ಕುರ್ಚಿಯಿಂದ ಎದ್ದರೆ ತಲೆ ತಿರುಗುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಎದೆ ಡವಡವ ಎನ್ನುತ್ತದೆ, ಬಚ್ಚಲಿಗೆ ಓಡಿ ಓಡಿ ಸಾಕಾಗಿದೆ. ‘ದೇಹ ಹೊಂದಿಕೊಳ್ತಾ ಇದೆ, ಒಂದು ತಿಂಗಳು ತಡ್ಕೊ’ ಎಂದು ಯಾರೋ ಹೇಳಿರುತ್ತಾರೆ. ಆ ಮಾತು ಕೇಳಿದಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಈ ಕಷ್ಟಗಳಲ್ಲಿ ಬಹುಪಾಲಿಗೆ ಗೊತ್ತಿರುವ ಕಾರಣವಿದೆ, ಸರಿಪಡಿಸುವ ದಾರಿಯೂ ಇದೆ. ತಪಸ್ಸಿನಂತೆ ಸಹಿಸಿಕೊಂಡು ಕೂರಬೇಕಿಲ್ಲ.

ಇನ್ಸುಲಿನ್ ಅಂದರೆ ರಕ್ತದ ಸಕ್ಕರೆ ನೋಡಿಕೊಳ್ಳುವ ಹಾರ್ಮೋನು ಎಂದು ಎಲ್ಲರಿಗೂ ಗೊತ್ತು. ಸೋಡಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುವಂತೆ ಮೂತ್ರಪಿಂಡಕ್ಕೆ ಸೂಚಿಸುವುದೂ ಅದೇ. ಅನ್ನ, ರೊಟ್ಟಿ, ಸಕ್ಕರೆ ನಿಂತಾಗ ಇನ್ಸುಲಿನ್ ಇಳಿಯುತ್ತದೆ, ಮೂತ್ರಪಿಂಡ ಸೋಡಿಯಂ ಬಿಟ್ಟುಕೊಡುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಜೊತೆಗೆ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕಿಲೋ ಗ್ಲೈಕೋಜನ್ ಶೇಖರವಾಗಿರುತ್ತದೆ. ಅದರ ಪ್ರತಿ ಗ್ರಾಮಿಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಗ್ಲೈಕೋಜನ್ ಕರಗಿದಂತೆ ಆ ನೀರಿಗೂ ಬಿಡುಗಡೆ. ಮೊದಲ ವಾರದಲ್ಲೇ ಎರಡು ಮೂರು ಕಿಲೋ ಇಳಿದೆ ಎಂದು ಜನ ಸಂಭ್ರಮಿಸುವುದು ಬಹುಪಾಲು ಈ ನೀರನ್ನೇ.

ಇದೇ ಹೊತ್ತಿಗೆ ಒಳಗೆ ಬರುವ ಉಪ್ಪೂ ಕಡಿಮೆಯಾಗಿರುತ್ತದೆ. ಇದು ಯಾರಿಗೂ ಹೊಳೆಯುವುದಿಲ್ಲ. ಇಲ್ಲಿಯವರಿಗೆ ಉಪ್ಪು ಬರುತ್ತಿದ್ದದ್ದು ಬ್ರೆಡ್ಡು, ಸಾಸು, ಪೊಟ್ಟಣದ ತಿಂಡಿಗಳಿಂದ. ನಮ್ಮವರಿಗೆ ಸಾರು, ಹುಳಿ, ಉಪ್ಪಿನಕಾಯಿ, ಹಪ್ಪಳದಿಂದ. ಅವೆಲ್ಲ ಒಂದೇ ದಿನ ನಿಂತುಹೋಗುತ್ತವೆ. 100 ಗ್ರಾಂ ಹಸಿ ದನದ ಮಾಂಸದಲ್ಲಿ ಸಹಜವಾಗಿ ಇರುವ ಸೋಡಿಯಂ ಸುಮಾರು 60 ಮಿಲಿಗ್ರಾಂ. ದಿನಕ್ಕೆ ಮುಕ್ಕಾಲು ಕಿಲೋ ತಿಂದರೂ 450 ದಾಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಊಟ ಮಾಡುವವರಿಗೆ ಹಾಕಿರುವ ಮೇಲ್ಮಿತಿ 2000 ಮಿಲಿಗ್ರಾಂ, ಅಂದರೆ 5 ಗ್ರಾಂ ಉಪ್ಪು. ಕಡಿಮೆ ಕಾರ್ಬೋಹೈಡ್ರೇಟಿನ ಊಟವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಸ್ಟೀಫನ್ ಫಿನ್ನಿ ಮತ್ತು ಜೆಫ್ ವೋಲೆಕ್ ಈ ಸ್ಥಿತಿಯಲ್ಲಿ 3ರಿಂದ 5 ಗ್ರಾಂ ಸೋಡಿಯಂ ಬೇಕು ಎನ್ನುತ್ತಾರೆ. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಯಾವುದೂ ಇಲ್ಲದವರಿಗೆ ಮಾತ್ರ ನಾನು ಆ ಮಾತನ್ನು ಮುಂದಿಡುತ್ತೇನೆ. ಅದೂ ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಿದ ಮೇಲೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಕುಸಿದರೆ ತಲೆ ತಿರುಗುವುದರ ಕಾರಣ ಅಲ್ಲೇ ಕಾಣುತ್ತದೆ. ಅಂಥವರು ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇನ್ನಷ್ಟು ತೆಳುವಾಗಿ ತೊಂದರೆ ಹೆಚ್ಚುತ್ತದೆ.

ಉಪ್ಪು ಕಡಿಮೆಯಾದರೆ ಪೊಟ್ಯಾಸಿಯಂ ಕೂಡ ಇಳಿಯುತ್ತದೆ. ಯಾಕೆ? ಸೋಡಿಯಂ ಕೊರತೆ ಕಂಡ ದೇಹ ಆಲ್ಡೋಸ್ಟೆರೋನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಅದು ಸೋಡಿಯಂ ಉಳಿಸಿಕೊಂಡು, ಬದಲಿಗೆ ಪೊಟ್ಯಾಸಿಯಂ ಅನ್ನು ಮೂತ್ರಕ್ಕೆ ತಳ್ಳುತ್ತದೆ. ಹಾಗಾಗಿ ಸ್ನಾಯು ಸೆಳೆತ ಎಂದು ಬಂದವರಿಗೆ ನಾನು ಮೊದಲು ಕೇಳುವುದು ಉಪ್ಪಿನ ವಿಚಾರ, ಮಾತ್ರೆಯ ಮಾತು ಆಮೇಲೆ. ಮಾಂಸದಲ್ಲಿ ಪೊಟ್ಯಾಸಿಯಂ ಚೆನ್ನಾಗಿಯೇ ಇದೆ, 100 ಗ್ರಾಮಿಗೆ 300 ಮಿಲಿಗ್ರಾಮಿನ ಮೇಲೆ. ಆದರೆ ಬೇಯಿಸಿದಾಗ ಒಂದಷ್ಟು ನೀರಿಗೆ ಇಳಿದುಬಿಡುತ್ತದೆ. ನನ್ನಮ್ಮ ಮಟನ್ ಬೆಂದ ನೀರನ್ನು ಒಂದು ದಿನವೂ ಚೆಲ್ಲಿದವಳಲ್ಲ. ಅದೇ ಸಾರಿನ ಜೀವ. ಕಾಲು ಸೂಪಿನಲ್ಲೂ ಇರುವುದು ಆ ಬೆಂದ ನೀರೇ, ಉಪ್ಪು ಹಾಕಿದ್ದು. ಇಲ್ಲಿ ಸ್ಟೇಕ್ ಸುಟ್ಟು ತಿನ್ನುವವರಿಗೂ ಬಾಣಲೆಗೆ ಇಳಿದ ರಸ ಬಿಡಬೇಡಿ, ಮೂಳೆ ಬೇಯಿಸಿ ಉಪ್ಪು ಹಾಕಿ ಕುಡಿಯಿರಿ ಎನ್ನುತ್ತೇನೆ. ಒಂದು ಲೋಟ ಬಿಸಿ ಸಾರು ಕುಡಿದ ಅರ್ಧ ಗಂಟೆಯಲ್ಲೇ ತಲೆನೋವು ಹೋಯಿತು ಎಂದವರಿದ್ದಾರೆ.

ಮೆಗ್ನೀಸಿಯಂ ಕಥೆ ಬೇರೆ. 100 ಗ್ರಾಂ ಮಾಂಸದಲ್ಲಿ ಇರುವುದು 20 ಮಿಲಿಗ್ರಾಂ ಆಸುಪಾಸು, ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 300ರಿಂದ 400. ಇಲ್ಲಿ ಕೊರತೆ ನಿಜವಾದದ್ದೇ. ಸೆಳೆತಕ್ಕೆಂದು ಅಂಗಡಿಯಿಂದ ಮೆಗ್ನೀಸಿಯಂ ಆಕ್ಸೈಡೋ ಸಿಟ್ರೇಟೋ ತಂದು ನುಂಗುತ್ತಾರೆ. ಅವೆರಡೂ ಮಲ ಸಡಿಲಿಸುವ ಔಷಧಿಗಳೂ ಹೌದು. ಮೊದಲೇ ನೀರಾಗಿರುವ ಹೊಟ್ಟೆ ಮತ್ತಷ್ಟು ಓಡುತ್ತದೆ, ಅದರ ಜೊತೆ ಇನ್ನಷ್ಟು ಲವಣ ಹೋಗುತ್ತದೆ, ಸೆಳೆತ ಜಾಸ್ತಿಯಾಗುತ್ತದೆ, ಇನ್ನೊಂದು ಮಾತ್ರೆ ನುಂಗುತ್ತಾರೆ. ಗ್ಲೈಸಿನೇಟ್ ರೂಪದ್ದು ಹೊಟ್ಟೆಗೆ ಮೆದು.

ಹೊಟ್ಟೆಯ ವಿಚಾರ ಬಂದರೆ ವಿಲ್ಯಾಲ್ಮುರ್ ಸ್ಟೆಫಾನ್ಸನ್ ನೆನಪಾಗಲೇಬೇಕು. 1879ರಲ್ಲಿ ಇದೇ ಕೆನಡಾದ ಮ್ಯಾನಿಟೋಬಾದಲ್ಲಿ, ಐಸ್‌ಲ್ಯಾಂಡಿನಿಂದ ವಲಸೆ ಬಂದವರ ಮಗನಾಗಿ ಹುಟ್ಟಿದ ಧ್ರುವ ಪ್ರದೇಶದ ಅನ್ವೇಷಕ. ಇನ್ಯೂಟ್ ಜನರ ಜೊತೆ ಬಾಳಿ, ಮೀನು ಮಾಂಸದಲ್ಲೇ ವರ್ಷಗಟ್ಟಲೆ ಆರೋಗ್ಯವಾಗಿದ್ದೆ ಎಂದಾಗ ವೈದ್ಯರು ನಂಬಲಿಲ್ಲ. 1928ರಲ್ಲಿ ಆತನೂ ಜೊತೆಗಾರ ಕಾರ್ಸ್ಟನ್ ಆಂಡರ್ಸನ್ನನೂ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೆ ಸೇರಿ, ಒಂದು ವರ್ಷ ವೈದ್ಯರ ಕಣ್ಗಾವಲಿನಲ್ಲಿ ಮಾಂಸ ಮಾತ್ರ ತಿಂದರು. ಸಂಶೋಧಕರು ಸ್ಟೆಫಾನ್ಸನ್‌ಗೆ ಮೊದಲು ಕೊಬ್ಬು ತೆಗೆದ ಮಾಂಸವನ್ನಷ್ಟೇ ಕೊಟ್ಟರು. ಎರಡು ಮೂರು ದಿನಕ್ಕೇ ವಾಕರಿಕೆ, ಭೇದಿ ಹಿಡಿಯಿತು. ಕೊಬ್ಬಿನ ತುಂಡು ಕೊಡತೊಡಗಿದ ಮೇಲೆ ಚೇತರಿಸಿಕೊಂಡ. ಆ ವರ್ಷ ಅವರಿಬ್ಬರ ಕ್ಯಾಲರಿಯಲ್ಲಿ ಸುಮಾರು ಮುಕ್ಕಾಲು ಪಾಲು ಕೊಬ್ಬಿನಿಂದಲೇ ಬಂದದ್ದು. ಪ್ರಯೋಗ ನಡೆಸಿದ ಮ್ಯಾಕ್‌ಕ್ಲೆಲನ್ ಮತ್ತು ಡುಬಾಯ್ ಅದರ ವರದಿಯನ್ನು 1930ರಲ್ಲಿ ಪ್ರಕಟಿಸಿದರು. ಇಬ್ಬರ ಮೇಲಿನ ಪ್ರಯೋಗದಿಂದ ಈ ಊಟ ಎಲ್ಲರಿಗೂ ಒಳ್ಳೆಯದೆಂದು ಸಾಧಿಸಲಾಗದು. ಆದರೆ ಕೊಬ್ಬಿಲ್ಲದ ಮಾಂಸವನ್ನೇ ತಿನ್ನುತ್ತಿದ್ದರೆ ಹೊಟ್ಟೆ ಏನಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತಿದೆ.

ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಫೋನ್ ಮಾಡಿದಾಗ ನಾನು ಇದನ್ನೇ ಹೇಳಿದೆ. ‘ಅತ್ತೆ, ಎಷ್ಟ್ ತಿಂದ್ರೂ ಹಸಿವು ಹೋಗ್ತಿಲ್ಲ, ಹೊಟ್ಟೆನೂ ನಿಲ್ತಿಲ್ಲ’ ಅಂದ. ಏನು ತಿಂತೀಯೋ ಎಂದರೆ, ಚರ್ಮ ತೆಗೆದ ಚಿಕನ್ ಬ್ರೆಸ್ಟು, ಮೊಟ್ಟೆಯ ಬಿಳಿ. ಬೆಂದ ನೀರು? ‘ಚೆಲ್ತೀನಿ.’ ಉಪ್ಪು? ‘ಅದು ಒಳ್ಳೇದಲ್ವಲ್ಲ ಅತ್ತೆ, ಬಿಟ್ಬಿಟ್ಟೆ.’ ಚಿಕನ್ ಬ್ರೆಸ್ಟಿನಲ್ಲಿ ಕೊಬ್ಬು 100 ಗ್ರಾಮಿಗೆ ಎರಡು ಮೂರು ಗ್ರಾಂ. ನಮ್ಮ ನಗರಗಳಲ್ಲಿ ಜಿಮ್ಮಿನ ಅಭ್ಯಾಸದಿಂದ ಈ ಊಟಕ್ಕೆ ಇಳಿಯುವವರು ಸಿಕ್ಕಿಬೀಳುವುದು ಇಲ್ಲೇ.

ಹಾಗೆಂದು ಒಂದೇ ಸಲ ತುಪ್ಪ ಸುರಿದುಕೊಂಡರೂ ಭೇದಿಯೇ. ಕೊಬ್ಬು ಜೀರ್ಣವಾಗಲು ಪಿತ್ತರಸ ಬೇಕು. ಕೆಲಸ ಮುಗಿದ ಮೇಲೆ ಪಿತ್ತದ ಆಮ್ಲಗಳಲ್ಲಿ ಶೇಕಡಾ 95ರಷ್ಟು ಸಣ್ಣ ಕರುಳಿನ ಕೊನೆಯಲ್ಲಿ ಮತ್ತೆ ಹೀರಲ್ಪಡುತ್ತವೆ. ಹೀರಲಾರದಷ್ಟು ಉಳಿದರೆ ದೊಡ್ಡ ಕರುಳಿಗೆ ಹೋಗಿ ಅಲ್ಲಿ ನೀರನ್ನು ಎಳೆಯುತ್ತವೆ. ಕರಗಿದ ಕೊಬ್ಬು, ಬೆಣ್ಣೆ ಹಾಕಿದ ಕಾಫಿ ಕುಡಿದವರ ಹೊಟ್ಟೆ ಕೆಡುವುದನ್ನು ಬಹಳ ನೋಡಿದ್ದೇನೆ. ಮಾಂಸಕ್ಕೆ ಅಂಟಿದ ಕೊಬ್ಬನ್ನು ಅಗಿದು ತಿಂದವರಿಗೆ ಅಷ್ಟು ತೊಂದರೆಯಿಲ್ಲ. ಪಿತ್ತಕೋಶ ತೆಗೆಸಿಕೊಂಡವರು ಸ್ವಲ್ಪ ಸ್ವಲ್ಪವೇ, ಹಲವು ಹೊತ್ತಿಗೆ ಹಂಚಿ ತಿನ್ನಬೇಕು.

ಇನ್ನು ಕೆಲವರ ದೂರು ಇದಕ್ಕೆ ತದ್ವಿರುದ್ಧ: ಮೂರು ದಿನವಾದರೂ ಮಲ ಇಲ್ಲ. ನಾರಿಲ್ಲದ ಊಟದಲ್ಲಿ ಉಳಿಯುವ ಕಸವೇ ಕಡಿಮೆ. ಮೆತ್ತಗೆ, ನೋವಿಲ್ಲದೆ ಹೋದರೆ ಅದು ಮಲಬದ್ಧತೆಯಲ್ಲ. ಗಟ್ಟಿಯಾಗಿ, ತಿಣುಕಬೇಕಾದರೆ ನೀರು, ಉಪ್ಪು, ಕೊಬ್ಬು ಮೂರನ್ನೂ ನೋಡಬೇಕು. ಕರುಳಿನ ಸೂಕ್ಷ್ಮಜೀವಿಗಳೂ ಬದಲಾಗುತ್ತವೆ. 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಐದು ದಿನ ಪ್ರಾಣಿಜನ್ಯ ಆಹಾರ ತಿಂದವರ ಕರುಳಿನಲ್ಲಿ ಪಿತ್ತವನ್ನು ತಾಳಬಲ್ಲ ಬ್ಯಾಕ್ಟೀರಿಯಾಗಳು ಹೆಚ್ಚಿ, ಸಸ್ಯದ ನಾರು ಒಡೆಯುವವು ತಗ್ಗಿದ್ದವು.

ಭೇದಿ ಜೋರಾದರೆ ಓಆರ್‌ಎಸ್ ಕುಡಿಯಲೇಬೇಕು. ಅದರಲ್ಲಿ ಸಕ್ಕರೆಯಿದೆ ಎಂದು ನಿರಾಕರಿಸುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಲೀಟರಿಗೆ ಇರುವುದು 13.5 ಗ್ರಾಂ ಗ್ಲೂಕೋಸ್. ಅದು ರುಚಿಗೆ ಹಾಕಿದ್ದಲ್ಲ, ಕರುಳಿನ ಗೋಡೆಯಲ್ಲಿ ಸೋಡಿಯಂ ಗ್ಲೂಕೋಸಿನ ಕೈಹಿಡಿದೇ ಒಳಗೆ ದಾಟುತ್ತದೆ, ನೀರು ಅದನ್ನು ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಕಾಲರಾ ರೋಗಿಗಳನ್ನು ಉಳಿಸಿದ್ದು ಈ ಉಪ್ಪು ಸಕ್ಕರೆಯ ನೀರಿನಿಂದಲೇ.

ನನ್ನನ್ನು ಹೆಚ್ಚು ಹೆದರಿಸುವುದು ಮಾತ್ರೆ ತಿನ್ನುವವರು. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಹಳೆಯ ಪ್ರಮಾಣದಲ್ಲೇ ಮುಂದುವರಿದರೆ ಬಿಪಿ ಕುಸಿದು ಬೀಳುತ್ತಾರೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ನುಂಗುವವರು, ಮೂತ್ರಪಿಂಡದ ತೊಂದರೆಯವರು ಪೊಟ್ಯಾಸಿಯಂ ಪುಡಿಯನ್ನೋ ಪೊಟ್ಯಾಸಿಯಂ ಬೆರೆಸಿದ ‘ಲೋ ಸೋಡಿಯಂ’ ಉಪ್ಪನ್ನೋ ತಾವಾಗಿ ಶುರು ಮಾಡಿದರೆ ಹೃದಯದ ಬಡಿತವೇ ಏರುಪೇರಾಗಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳ ಜೊತೆ ಕಾರ್ಬೋಹೈಡ್ರೇಟ್ ಬಿಟ್ಟರೆ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು, ಅದೂ ಗ್ಲೂಕೋಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚು ತೋರಿಸದೆ. ವಾಂತಿ, ಹೊಟ್ಟೆನೋವು, ಏದುಸಿರು ಅದರ ಲಕ್ಷಣ. ‘ಹೊಟ್ಟೆ ಹೊಂದಿಕೊಳ್ತಾ ಇದೆ’ ಎಂದು ಮನೆಯಲ್ಲಿ ಮಲಗಿದರೆ ಜೀವಕ್ಕೇ ಕುತ್ತು. ಅಂಥವರು ವೈದ್ಯರನ್ನು ಕೇಳದೆ ಒಂದು ಹೊತ್ತೂ ಈ ಊಟಕ್ಕೆ ಕೈಹಾಕಬಾರದು.

ಎಲ್ಲವೂ ಸರಿಹೋಗಿ, ಸೆಳೆತವಿಲ್ಲ, ಹೊಟ್ಟೆ ಹಗುರ ಎಂದು ನಗುತ್ತಾ ಬಂದವರಿಗೂ ರಕ್ತಪರೀಕ್ಷೆ ಮಾಡಿಸಿಕೊಂಡು ಬರಲು ಹೇಳುತ್ತೇನೆ: ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ರಿಯಾಟಿನಿನ್, ಕೊಲೆಸ್ಟರಾಲ್. 2021ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಹಾರ್ವರ್ಡಿನ ಸಂಶೋಧಕರು ಈ ಊಟ ಮಾಡುವ 2029 ಜನರನ್ನು ವಿಚಾರಿಸಿದಾಗ ಹೆಚ್ಚಿನವರು ತಾವು ಆರೋಗ್ಯವಾಗಿದ್ದೇವೆ ಎಂದೇ ಬರೆದರು. ಆದರೆ ಕೊಲೆಸ್ಟರಾಲ್ ಅಂಕಿ ಕೊಟ್ಟವರಲ್ಲಿ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್‌ನ ಮಧ್ಯಾಂಕ 172 ಇತ್ತು. ಅಷ್ಟು ಏರಿದವರಿಗೆ ಕಾಳು, ಓಟ್ಸ್, ತರಕಾರಿಯನ್ನು ತಟ್ಟೆಗೆ ಮರಳಿ ತನ್ನಿ ಎಂದು ಒತ್ತಾಯಿಸುತ್ತೇನೆ. ಕೆಲವರು ಒಪ್ಪುತ್ತಾರೆ. ಒಪ್ಪದವರಿಗೆ ಹೃದ್ರೋಗ ತಜ್ಞರಿಗೆ ಚೀಟಿ ಬರೆಸಿಕೊಟ್ಟು, ಮೂರು ತಿಂಗಳಿಗೆ ಮತ್ತೆ ಪರೀಕ್ಷೆಯ ದಿನ ಗೊತ್ತುಮಾಡಿ ಕಳಿಸುತ್ತೇನೆ.