ಯಂತ್ರಮಾನವ ಕನ್ನಡ ಕಲಿತು ಬಂದಾಗ

2019ರ ನವೆಂಬರ್ ತಿಂಗಳ ಆರಂಭದಲ್ಲಿ ‘ಟರ್ಮಿನೇಟರ್: ಡಾರ್ಕ್ ಫೇಟ್’ ಭಾರತದಲ್ಲಿ ತೆರೆಕಂಡಿತು. ಇಂಗ್ಲಿಷ್, ಹಿಂದಿ, ತೆಲುಗು, ತಮಿಳುಗಳ ಜೊತೆಗೆ ಕನ್ನಡದಲ್ಲಿಯೂ ಮಾತನಾಡಿದ ಮೊದಮೊದಲ ಹಾಲಿವುಡ್ ಚಿತ್ರಗಳಲ್ಲಿ ಅದೂ ಒಂದು. ಭವಿಷ್ಯದಿಂದ ಬಂದ ಯಂತ್ರಮಾನವನ ಬಾಯಲ್ಲಿ ಕನ್ನಡ ಕೇಳುವುದೆಂದರೆ ಸಂಭ್ರಮಪಡಬೇಕಾದ ಸಂಗತಿ. ಆದರೆ ಅವನು ಬಂದದ್ದು ತಡವಾಗಿ. ಮೊದಲ ಚಿತ್ರ 1984ರದು, ಜನ ಮೆಚ್ಚಿ ತಲೆಯ ಮೇಲೆ ಹೊತ್ತುಕೊಂಡ ಎರಡನೆಯದು 1991ರದು. ಕನ್ನಡಕ್ಕೆ ಬಂದದ್ದು ಸರಣಿಯ ಆರನೆಯ ಚಿತ್ರ. ಆ ಹೊತ್ತಿಗೆ ಜಗತ್ತಿನ ಎಲ್ಲ ಕಡೆಯ ಅಭಿಮಾನಿಗಳು ಈ ಸರಣಿಯ ಬಗ್ಗೆ ಆಸೆ ಬಿಟ್ಟಾಗಿತ್ತು. ಹಬ್ಬದ ಊಟಕ್ಕೆ ಕರೆ ಬಂದದ್ದು ಎಲೆ ಎತ್ತಿದ ಮೇಲೆ.

ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಊರುಗಳಲ್ಲಿ ನಡುವಯಸ್ಸು ಮುಟ್ಟಿರುವ ಚಿತ್ರರಸಿಕರಿಗೆ ಇದು ಚೆನ್ನಾಗಿ ಅರ್ಥವಾಗುವ ಮಾತು. ರಾಯಚೂರು ಜಿಲ್ಲೆ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, 1956ರಲ್ಲಿ ವಿಶಾಲ ಮೈಸೂರಿಗೆ ಸೇರಿದ ನೆಲ. ಪೇಟೆಯಲ್ಲಿ ದಖನಿ ಉರ್ದು, ಹೊಲದ ಬದುವಿನಲ್ಲಿ ಕನ್ನಡ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು, ಸಿಂಧನೂರಿನ ಆಚೆ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ. ಇಂಥ ಕಡೆ ಒಬ್ಬ ಹುಡುಗ ನಾಲ್ಕು ಭಾಷೆಯ ಸಿನಿಮಾ ನೋಡಿ ಬೆಳೆಯುವುದು ಹೆಚ್ಚಿನ ಮಾತೇನಲ್ಲ. 1994ರಲ್ಲಿ ‘ಜುರಾಸಿಕ್ ಪಾರ್ಕ್’ ಹಿಂದಿಗೆ ಡಬ್ ಆಗಿ ದೇಶದ ಸಣ್ಣ ಊರುಗಳಿಗೂ ನುಗ್ಗಿದಾಗ, ಹಾಲಿವುಡ್ ಎಂಬುದು ಇಂಗ್ಲಿಷ್ ಬಲ್ಲ ಪಟ್ಟಣಿಗರ ಸ್ವತ್ತಾಗಿ ಉಳಿಯಲಿಲ್ಲ. ಆಮೇಲೆ ಕೇಬಲ್ ಟಿ.ವಿ. ಬಂತು. ಅರ್ನಾಲ್ಡ್ ಶ್ವಾರ್ಜ್‌ನೆಗರ್ ಹಿಂದಿಯಲ್ಲಿ ಗದರತೊಡಗಿದ.

ಕನ್ನಡದಲ್ಲಿ ಮಾತ್ರ ಗದರಲಿಲ್ಲ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವುದನ್ನು 1960ರ ದಶಕದಲ್ಲಿ ಲೇಖಕರು, ಕಲಾವಿದರು ಕೂಡಿ ವಿರೋಧಿಸಿದರು. ಆ ಬಳಿಕ ಅನೇಕ ದಶಕಗಳ ಕಾಲ ಅದು ಅಲಿಖಿತ ನಿಷೇಧವಾಗಿ ನಡೆಯಿತು. ಅಂದಿನ ಬಡ ಕನ್ನಡ ಚಿತ್ರೋದ್ಯಮ ಬದುಕಿ ಉಳಿಯಲು ಆ ವಿರೋಧ ನೆರವಾಯಿತು ಎಂಬುದನ್ನು ಮರೆಯಬಾರದು. ಆದರೆ ಅದರ ಬೆಲೆಯನ್ನು ತೆತ್ತವರು ಬೆಂಗಳೂರಿನವರಲ್ಲ, ಗಡಿಯಂಚಿನವರು. ಹೊಸ ಲೋಕಗಳ ಕಥೆ ಬೇಕೆಂದರೆ ಅವರು ಹಿಂದಿಗೋ ತೆಲುಗಿಗೋ ಹೋಗಬೇಕಾಯಿತು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಆದೇಶಿಸಿತು. 2017ರಲ್ಲಿ ಡಬ್ ಆದ ಚಿತ್ರ ಮತ್ತೆ ಕನ್ನಡ ತೆರೆಯ ಮೇಲೆ ಬಂತು. ಟರ್ಮಿನೇಟರ್ ಬಂದದ್ದು ಅದಾದ ಎರಡು ವರ್ಷಕ್ಕೆ.

ಹಾಗಾದರೆ ಅಭಿಮಾನಿಗಳ ಸಿಟ್ಟೇನು? ಅದನ್ನು ತಿಳಿಯಲು ಮೊದಲೆರಡು ಚಿತ್ರಗಳ ಕಥೆಯನ್ನು ನೆನೆಯಬೇಕು. ಮುಂದೊಂದು ದಿನ ಯಂತ್ರಗಳು ಮನುಷ್ಯಕುಲದ ಮೇಲೆ ಯುದ್ಧ ಹೂಡುತ್ತವೆ. ಮನುಷ್ಯರ ಪಡೆಯನ್ನು ಮುನ್ನಡೆಸುವವನು ಜಾನ್ ಕಾನರ್. ಅವನು ಹುಟ್ಟದಂತೆ ಮಾಡಲು ಯಂತ್ರಗಳು ಒಬ್ಬ ಕೊಲೆಗಾರ ಯಂತ್ರಮಾನವನನ್ನು ಕಾಲದ ಹಿಂದಕ್ಕೆ, ಅವನ ತಾಯಿ ಸಾರಾಳ ಬಳಿಗೆ ಕಳುಹಿಸುತ್ತವೆ. ಮಥುರೆಯ ಕಂಸನ ಕಥೆ ಬಲ್ಲ ನಮ್ಮ ಪ್ರೇಕ್ಷಕನಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇರಲಿಲ್ಲ. ಸುಮಾರು 64 ಲಕ್ಷ ಡಾಲರಿನಲ್ಲಿ, ಹಾಲಿವುಡ್ ಲೆಕ್ಕದಲ್ಲಿ ಪುಡಿಗಾಸಿನಲ್ಲಿ, ಜೇಮ್ಸ್ ಕ್ಯಾಮರೂನ್ ತೆಗೆದ ಚಿತ್ರ ಅದು. ಏಳು ವರ್ಷದ ಮೇಲೆ ಅವನೇ ತೆಗೆದ ಎರಡನೆಯ ಚಿತ್ರದಲ್ಲಿ ಹಳೆಯ ಕೊಲೆಗಾರನ ರೂಪದ ಯಂತ್ರವೇ ಬಾಲಕ ಜಾನ್‌ನ ರಕ್ಷಕನಾಗುತ್ತದೆ. ಪಾದರಸದಂತೆ ಹರಿಯುವ ಎದುರಾಳಿಯ ಚಮತ್ಕಾರವನ್ನು ಜನ ಬಾಯಿ ಬಿಟ್ಟು ನೋಡಿದರು, ನಿಜ. ಆದರೆ ಮನಸ್ಸಿನಲ್ಲಿ ನಿಂತದ್ದು ಕೊನೆಯ ದೃಶ್ಯ. ತನ್ನೊಳಗಿನ ತಂತ್ರಜ್ಞಾನ ಯಾರ ಕೈಗೂ ಸಿಗಬಾರದೆಂದು ಆ ಯಂತ್ರ ಕುದಿಯುವ ಉಕ್ಕಿನೊಳಗೆ ಇಳಿದು ಕರಗಿಹೋಗುತ್ತದೆ, ಹುಡುಗ ಅಳುತ್ತಾನೆ. ಹಣೆಬರಹ ತಪ್ಪಿಸಬಹುದು, ಆದರೆ ಅದಕ್ಕೊಂದು ಬಲಿ ಬೇಕು ಎಂಬಲ್ಲಿಗೆ ಕಥೆ ಮುಗಿಯಿತು.

ಕಥೆಯೇನೋ ಮುಗಿಯಿತು. ಹಕ್ಕುಪತ್ರ ಮುಗಿಯಲಿಲ್ಲ. ಮೊದಲ ಚಿತ್ರ ತಾನೇ ನಿರ್ದೇಶಿಸಬೇಕು ಎಂಬ ಒಂದೇ ಹಟದಿಂದ ಕ್ಯಾಮರೂನ್ ಕಥೆಯ ಹಕ್ಕನ್ನು ನಿರ್ಮಾಪಕಿ ಗೇಲ್ ಆ್ಯನ್ ಹರ್ಡ್‌ಗೆ ಒಂದೇ ಒಂದು ಡಾಲರಿಗೆ ಮಾರಿಬಿಟ್ಟಿದ್ದ. ಅಲ್ಲಿಂದ ಮುಂದೆ ಆ ಹಕ್ಕು ಸಂತೆಯ ಎತ್ತಿನಂತೆ ಕೈಯಿಂದ ಕೈಗೆ ಹೋಯಿತು. ಎರಡನೆಯ ಚಿತ್ರ ಮಾಡಿದ ಕರೋಲ್ಕೊ ಸಂಸ್ಥೆ 1995ರಲ್ಲಿ ದಿವಾಳಿಯಾಯಿತು. ಹಕ್ಕು ಬೇರೆಯವರ ಪಾಲಾಗಿ 2003ರಲ್ಲಿ ಮೂರನೆಯ ಚಿತ್ರ ಬಂತು. ಆಮೇಲೆ ಕೊಂಡ ಹಾಲ್ಸಿಯನ್ ಎಂಬ ಕಂಪೆನಿ 2009ರಲ್ಲಿ ನಾಲ್ಕನೆಯದನ್ನು ಹೊರತಂದು ಅದೇ ವರ್ಷ ದಿವಾಳಿ ಅರ್ಜಿ ಹಾಕಿತು. 2010ರಲ್ಲಿ ಹರಾಜು, 2011ರಲ್ಲಿ ಮತ್ತೊಬ್ಬ ನಿರ್ಮಾಪಕಿಯ ಕೈಗೆ, 2015ರಲ್ಲಿ ಐದನೆಯ ಚಿತ್ರ. ಕೋಟಿಗಟ್ಟಲೆ ಕೊಟ್ಟು ಎತ್ತು ಕೊಂಡವನು ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕುತ್ತ ಕೂರುತ್ತಾನೆಯೆ? ಹೂಡಲೇಬೇಕು. ಹೊಲ ಹದವಾಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಆಮೇಲಿನದು.

ಹೀಗೆ ಹೂಡಿದ ಪ್ರತಿಯೊಂದು ಚಿತ್ರವೂ ಮುಗಿದ ಕಥೆಯನ್ನು ಬಿಚ್ಚಲೇಬೇಕಾಯಿತು. ಮೂರನೆಯದರಲ್ಲಿ ತಪ್ಪಿತೆಂದುಕೊಂಡ ಮಹಾಯುದ್ಧ ಬರೀ ಮುಂದಕ್ಕೆ ಹೋಗಿತ್ತೆಂದು ಹೇಳಿ ಕೊನೆಗೆ ಅಣುಬಾಂಬು ಬೀಳಿಸಿದರು. ನಾಲ್ಕನೆಯದರ ಬಗ್ಗೆ ಹೇಳುವಂಥದ್ದು ಕಡಿಮೆ. ಐದನೆಯದರಲ್ಲಿ ರಕ್ಷಕ ಜಾನ್‌ನನ್ನೇ ಯಂತ್ರವಾಗಿಸಿ ಖಳನನ್ನಾಗಿ ಮಾಡಿದರು. ಕನ್ನಡ ಮಾತನಾಡಿದ ಆರನೆಯದರಲ್ಲಿ, ಕ್ಯಾಮರೂನನೇ ನಿರ್ಮಾಪಕನಾಗಿ ಮರಳಿದ್ದರೂ, ಆರಂಭದ ಕೆಲವೇ ನಿಮಿಷಗಳಲ್ಲಿ ಬಾಲಕ ಜಾನ್‌ನನ್ನು ಗುಂಡಿಟ್ಟು ಕೊಂದುಬಿಟ್ಟರು. ಎರಡು ಚಿತ್ರಗಳ ಉದ್ದಕ್ಕೂ ಯಾರನ್ನು ಉಳಿಸಲು ಇಷ್ಟೊಂದು ಜೀವ ಹೋಯಿತೋ ಅವನ ಗತಿ ಇದು. ಚಿತ್ರ ಜಗತ್ತಿನಾದ್ಯಂತ ಸೋತು ದೊಡ್ಡ ನಷ್ಟ ಮಾಡಿಕೊಂಡಿತು.

ಇದು ಬರೀ ಹಳೆಯ ಕಾಲದ ಹಂಬಲ, ಹದಿನೈದನೆಯ ವಯಸ್ಸಿನಲ್ಲಿ ನೋಡಿದ್ದೆಲ್ಲ ಚೆಂದ ಎಂದು ತಳ್ಳಿಹಾಕುವವರಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. ‘ಸ್ಟಾರ್ ವಾರ್ಸ್’ ಅಭಿಮಾನಿಗಳು 1999ರ ‘ದಿ ಫ್ಯಾಂಟಮ್ ಮೆನೆಸ್’ ನೋಡಿ ಸಿಡುಕಿದ್ದರು. ಅದನ್ನೇ ಬಾಲ್ಯದಲ್ಲಿ ನೋಡಿದ ಪೀಳಿಗೆ ದೊಡ್ಡದಾದ ಮೇಲೆ ಅದನ್ನೇ ಎತ್ತಿ ಹಿಡಿದು, 2015ರ ಮೇಲೆ ಡಿಸ್ನಿ ಸಂಸ್ಥೆ ತಂದ ಹೊಸ ಚಿತ್ರಗಳ ಮೇಲೆ ಮುನಿಸಿಕೊಂಡಿತು. ಪ್ರೇಕ್ಷಕ ಕಳೆದುಕೊಂಡದ್ದು ಚಿತ್ರವನ್ನಲ್ಲ, ತನ್ನ ವಯಸ್ಸನ್ನು ಎಂದು ಆಗ ಅನ್ನಿಸುತ್ತದೆ. ಆದರೆ ಟರ್ಮಿನೇಟರ್ ಅಭಿಮಾನಿಯ ದೂರು ಇಷ್ಟಕ್ಕೇ ನಿಲ್ಲುವುದಿಲ್ಲ. ಹೊಸ ಚಿತ್ರ ಚೆನ್ನಾಗಿಲ್ಲದಿದ್ದರೆ ನೋಡದೆ ಬಿಟ್ಟರಾಯಿತು. ಅದು ಹಿಂದಕ್ಕೆ ಹೋಗಿ ಹಳೆಯ ಚಿತ್ರದ ಬಲಿಯನ್ನೇ ವ್ಯರ್ಥ ಮಾಡಿದರೆ? ಕುದಿಯುವ ಉಕ್ಕಿಗೆ ಇಳಿದ ಆ ಯಂತ್ರ ಸುಮ್ಮನೆ ಸತ್ತಂತಾಯಿತಲ್ಲ! ಈ ದೂರಿಗೆ ವಯಸ್ಸಿಲ್ಲ.

ಮುಗಿದ ಅಥವಾ ನಿಂತ ಕಥೆಗೆ ಇನ್ನೊಬ್ಬರು ಕೈಹಾಕುವುದು ನಮಗೆ ಹೊಸದೇನಲ್ಲ. ಗದುಗಿನ ವೀರನಾರಾಯಣನ ಭಕ್ತ ಕುಮಾರವ್ಯಾಸ ಹಾಡಿದ ಭಾರತ ಹತ್ತು ಪರ್ವಗಳಿಗೆ ನಿಲ್ಲುತ್ತದೆ. ಉಳಿದ ಎಂಟು ಪರ್ವಗಳನ್ನು ಬರೆಯಿಸಿದವನು ವಿಜಯನಗರದ ಕೃಷ್ಣದೇವರಾಯ. 1520ರಲ್ಲಿ ಬಿಜಾಪುರದ ಆದಿಲ್‌ಶಾಹಿ ಸೈನ್ಯವನ್ನು ಸೋಲಿಸಿ ರಾಯಚೂರು ಕೋಟೆ ಗೆದ್ದವನೂ ಅವನೇ. ಬರೆದವನು ತಿಮ್ಮಣ್ಣ ಕವಿ. ಅದೇ ಭಾಮಿನಿ ಷಟ್ಪದಿ, ಅದೇ ಪಾತ್ರಗಳು, ಬೆನ್ನಿಗೆ ಚಕ್ರವರ್ತಿಯ ಆಶ್ರಯ. ಕೃತಿಗೆ ರಾಜನ ಹೆಸರಿನಲ್ಲೇ ‘ಕೃಷ್ಣರಾಯ ಭಾರತ’ ಎಂಬ ಹೆಸರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ದೊಡ್ಡ ಬಂಡವಾಳದ ಮುಂದುವರಿದ ಭಾಗ! ಆದರೂ ಹಳ್ಳಿಯ ಚಾವಡಿಯಲ್ಲಿ ಗಮಕಿಗಳು ಓದಿದ್ದು, ಅಕ್ಷರ ಬಾರದವರು ಬಾಯಿಪಾಠ ಮಾಡಿದ್ದು ಕುಮಾರವ್ಯಾಸನನ್ನೇ. ತಿಮ್ಮಣ್ಣನ ಹೆಸರು ಸಾಹಿತ್ಯ ಚರಿತ್ರೆ ಓದಿದವರಿಗಷ್ಟೆ ಗೊತ್ತು. ಅವನು ಕೆಟ್ಟ ಕವಿಯೆಂದೇನೂ ಅಲ್ಲ. ಯುದ್ಧ ಮುಗಿದ ಮೇಲಿನ ಧರ್ಮಬೋಧೆಯೇ ಅವನ ಪಾಲಿಗೆ ಹೆಚ್ಚಾಗಿ ಬಂದದ್ದೂ ಒಂದು ಕಾರಣ. ಆದರೆ ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ತಿಮ್ಮಣ್ಣ ಮುಂದಿನದನ್ನು ಹೇಳಿದನೇ ಹೊರತು ಹಿಂದಿನದನ್ನು ಅಳಿಸಲಿಲ್ಲ. ಜನ ಅವನನ್ನು ಬೈಯಲಿಲ್ಲ. ಮರೆತರು, ಅಷ್ಟೆ.

ಕನ್ನಡ ಸಿನಿಮಾದಲ್ಲಿ ಸರಣಿಯ ಹಳೆಯ ಉದಾಹರಣೆಯೆಂದರೆ ರಾಜ್‌ಕುಮಾರ್ ಅವರ ಸಿ.ಐ.ಡಿ. 999. ದೊರೈ–ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಆಮೇಲೆ ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ತೆಗೆಯಿತು. ಬಾಂಡ್ ಚಿತ್ರಗಳ ಗಾಳಿ ಬೀಸುತ್ತಿದ್ದ ಕಾಲ. ಒಂದೊಂದು ಚಿತ್ರಕ್ಕೂ ಬೇರೆ ಖಳ, ಬೇರೆ ಊರು, ಬೇರೆ ನಾಯಕಿ. ಒಂದು ಕೆಟ್ಟರೆ ಇನ್ನೊಂದಕ್ಕೆ ಮುಕ್ಕಾಗುವುದಿಲ್ಲ. ಬಂಡಿಗೆ ಕಟ್ಟಿದ ಬಂಡಿಯಲ್ಲ ಅದು. 2006ರ ‘ಮುಂಗಾರು ಮಳೆ’ಯದು ಬೇರೆ ಕಥೆ. ಪ್ರೀತಿಸಿದವಳನ್ನು ಪಡೆಯದೆ ಬಿಟ್ಟುಕೊಡುವ ಪ್ರೀತಂ ಒಂದು ತಲೆಮಾರನ್ನೇ ಮಳೆಯಲ್ಲಿ ನೆನೆಸಿದ. ಹತ್ತು ವರ್ಷದ ಮೇಲೆ, 2016ರಲ್ಲಿ, ಬೇರೆ ನಿರ್ದೇಶಕರ ಕೈಯಲ್ಲಿ ‘ಮುಂಗಾರು ಮಳೆ 2’ ಬಂದಾಗ ನಾಯಕ ನಟ ಅವರೇ, ಮಳೆಯೂ ಇತ್ತು. ಜನ ಮೊದಲನೆಯದನ್ನು ಹಚ್ಚಿಕೊಂಡಂತೆ ಅದನ್ನು ಹಚ್ಚಿಕೊಳ್ಳಲಿಲ್ಲ. ಬಿಟ್ಟುಕೊಟ್ಟದ್ದರಲ್ಲೇ ಬೆಲೆಯಿದ್ದ ಕಥೆಗೆ ಎರಡನೆಯ ಭಾಗ ಎಲ್ಲಿಂದ ತರುವುದು?

ಹಾಗಾದರೆ ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳಲು ಜನಕ್ಕೆ ಬೇಸರವೆ? ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಮೊಹರಂ ದಿನಗಳಲ್ಲಿ ಹೋದವರು ಹಾಗೆನ್ನಲಾರರು. ಹಸನ್, ಹುಸೇನರ ಕರ್ಬಲಾ ಕಥೆ ಅಲ್ಲಿ ಪ್ರತಿವರ್ಷವೂ ಅದೇ. ಕೊನೆ ಏನೆಂದು ಎಲ್ಲರಿಗೂ ಗೊತ್ತು. ಆದರೂ ಹಿಂದೂ ಮುಸ್ಲಿಮರೆನ್ನದೆ ಸುತ್ತಲಿನ ಊರುಗಳ ಜನ ಸೇರುತ್ತಾರೆ. ಅಲಾಯಿ ಕುಣಿತ ನಡೆಯುತ್ತದೆ, ಈ ಸೀಮೆಯವರು ಕಟ್ಟಿದ ರಿವಾಯತ್ ಪದಗಳು ಕನ್ನಡದಲ್ಲೇ ಕೇಳಿಬರುತ್ತವೆ. ದೊಡ್ಡಾಟದಲ್ಲಿಯೂ ಹಾಗೆಯೇ. ಅಭಿಮನ್ಯು ಪ್ರತಿಸಲವೂ ಚಕ್ರವ್ಯೂಹದೊಳಗೆ ಸಾಯುತ್ತಾನೆ. ಈ ವರ್ಷ ಅವನನ್ನು ಬದುಕಿಸಿ ಮುಂದಿನ ವರ್ಷಕ್ಕೆ ಹೊಸ ಆಟ ಕಟ್ಟೋಣ ಎಂದು ಯಾವ ಕಥೆಗಾರನೂ ಹೊರಡುವುದಿಲ್ಲ. ಹೊರಟರೆ ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕೂತ ಅಜ್ಜಂದಿರು ಸುಮ್ಮನೆ ಬಿಟ್ಟಾರೆಯೆ? ಅಲ್ಲಿ ಹೊಸತನ ಕಥೆಯಲ್ಲಿಲ್ಲ, ಹೇಳುವವನ ದನಿಯಲ್ಲಿದೆ. ಮುಖ್ಯವಾಗಿ ಆ ಕಥೆಗೆ ಹಕ್ಕುಪತ್ರವಿಲ್ಲ. ಒಬ್ಬ ಕೆಡಿಸಿದರೆ ಪಕ್ಕದ ಊರಿನವನು ಚೆನ್ನಾಗಿ ಆಡುತ್ತಾನೆ. ಟರ್ಮಿನೇಟರ್ ಕಥೆಯನ್ನು ಚೆನ್ನಾಗಿ ಹೇಳಬಲ್ಲವನು ಸಿಂಧನೂರಿನಲ್ಲೇ ಇದ್ದರೂ ಅವನಿಗೆ ಹೇಳುವ ಹಕ್ಕಿಲ್ಲ. ಹಕ್ಕಿರುವವನಿಗೆ ಹೇಳಲು ಏನಿದೆಯೆಂಬುದನ್ನು ಯಾರೂ ಕೇಳುವುದಿಲ್ಲ. ಅಭಿಮಾನಿಯ ಸಿಟ್ಟಿನ ಬೇರು ಇರುವುದು ಬಹುಶಃ ಇಲ್ಲಿ. ಕಥೆ ತನ್ನದೆಂದು ಅವನ ಮನಸ್ಸು ಹೇಳುತ್ತದೆ. ಅಲ್ಲವೆಂದು ಕಾನೂನು ಹೇಳುತ್ತದೆ.

ಮುಂದಿನದೆಲ್ಲ ಹಿಂದಿನದನ್ನು ಕೆಡಿಸಲೇಬೇಕೆಂದೇನೂ ಇಲ್ಲ. ಟರ್ಮಿನೇಟರ್‌ನ ಎರಡನೆಯ ಚಿತ್ರವೇ ಮೊದಲನೆಯದಕ್ಕೆ ಹೊಸ ಅರ್ಥ ಕೊಟ್ಟಿತ್ತು. ಇದಕ್ಕೆ ಸಿನಿಮಾದ ಆಚೆಗೂ ಒಂದು ಸಾಕ್ಷಿ ಮಸ್ಕಿಯ ಬಂಡೆಯ ಮೇಲಿದೆ. ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದು ತನ್ನನ್ನು ಕರೆದುಕೊಂಡ ರಾಜನ ಶಾಸನಗಳನ್ನು ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಓದಿದ್ದ. ಅವನೇ ಅಶೋಕ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. ಆದರೆ ಶಾಸನಗಳ ಬಾಯಿಂದಲೇ ಆ ಹೆಸರು ಹೊರಟಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬೆಟ್ಟದಲ್ಲಿ ಶಾಸನವೊಂದನ್ನು ಕಂಡ. ಸವೆದ ಅಕ್ಷರಗಳ ನಡುವೆ ರಾಜನ ಹೆಸರು ಇತ್ತು: ಅಶೋಕ. ಗಿರ್ನಾರದಿಂದ ಧೌಲಿಯವರೆಗೆ ಬಂಡೆಗಳ ಮೇಲೆ ಮಾತನಾಡುತ್ತಿದ್ದವನು ಯಾರೆಂಬ ಅನುಮಾನ ಅಲ್ಲಿಗೆ ತೀರಿತು. ಕೊನೆಯಲ್ಲಿ ಸಿಕ್ಕ ಸಣ್ಣ ತುಣುಕು ಮೊದಲಿನ ಯಾವ ಸಾಲನ್ನೂ ಅಳಿಸದೆ ಎಲ್ಲವನ್ನೂ ಬೆಳಗಿಸಿತು.

ಕ್ಯಾಮರೂನ್‌ಗೂ ಅಂಥದೊಂದು ಅವಕಾಶ ಬರುವುದಿತ್ತು. ಅಮೆರಿಕದ ಕೃತಿಸ್ವಾಮ್ಯ ಕಾನೂನಿನ ಪ್ರಕಾರ, ಬರೆದವನು ಮಾರಿದ ಹಕ್ಕನ್ನು 35 ವರ್ಷಗಳ ಬಳಿಕ ಕೆಲವು ಷರತ್ತುಗಳ ಮೇಲೆ ಮರಳಿ ಕೇಳಬಹುದು. 1984ಕ್ಕೆ 35 ಕೂಡಿಸಿದರೆ 2019. ಒಂದು ಡಾಲರಿಗೆ ಕೊಟ್ಟ ಎತ್ತು ಹಳೆಯ ಒಡೆಯನ ಕಡೆಗೆ ಮುಖ ತಿರುಗಿಸಬಹುದಾದ ವರ್ಷವೇ ಅವನ ನಿರ್ಮಾಣದ ‘ಡಾರ್ಕ್ ಫೇಟ್’ ಬಂದು ಸೋತದ್ದು, ಯಂತ್ರಮಾನವ ಕನ್ನಡ ಕಲಿತದ್ದು. ಅದಾದ ಮೂರು ವರ್ಷಕ್ಕೆ, 2022ರ ಡಿಸೆಂಬರಿನಲ್ಲಿ, ಅದೇ ಕ್ಯಾಮರೂನ್‌ನ ‘ಅವತಾರ್’ ಚಿತ್ರದ ಎರಡನೆಯ ಭಾಗವೂ ಕನ್ನಡದಲ್ಲಿ ಬಂತು. ಈ ಸಲ ಕನ್ನಡಿಗರು ಆರನೆಯ ಭಾಗದವರೆಗೆ ಕಾಯಬೇಕಾಗಲಿಲ್ಲ.